ಚಿಕ್ಕತಾಯಮ್ಮ ತಾವಾಗಿ ಬಿಟ್ಟವರಲ್ಲ

ಚಿಕ್ಕತಾಯಮ್ಮ ನಮ್ಮ ಮನೆಗೆ ಬಂದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸ ಮಗುವಿನ ನೆತ್ತಿ ಮೂಸುವುದು. ಗೇಟಿನ ಹತ್ತಿರ ಚಪ್ಪಲಿ ಬಿಟ್ಟು, ನಲ್ಲಿಯಲ್ಲಿ ಕೈಕಾಲು ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಸೀದಾ ತೊಟ್ಟಿಲ ಹತ್ತಿರ ಹೋಗಿ ಬಗ್ಗುತ್ತಿದ್ದರು. ಕಣ್ಣು ಮುಚ್ಚಿ ಉದ್ದಕ್ಕೆ ಒಂದು ಸಲ ಉಸಿರೆಳೆದುಕೊಂಡು ಆಮೇಲೆ ತೀರ್ಪು ಕೊಡುತ್ತಿದ್ದರು. "ರಾತ್ರಿ ಎರಡು ಕಿತಾ ಎದ್ದವ್ರೆ." "ಒಟ್ಟೆ ಸರಿ ಇಲ್ಲ, ಇವತ್ತು ಬಾಳೆಣ್ಣು ಬ್ಯಾಡ." "ನಾಳೀಕೆ ನೆಗಡಿ ಬತ್ತದೆ, ನೋಡ್ತಿರಿ." ನಾನು ಸರ್ಕಾರಿ ಕಚೇರಿಯ ಗುಮಾಸ್ತೆ. ಕಾಗದದ ಮೇಲೆ ಇಲ್ಲದ್ದನ್ನು ನಂಬಿ ಅಭ್ಯಾಸವಿಲ್ಲ. ಆದರೆ ಹೇಳಿದ ಹಾಗೇ ಮರುದಿನ ಮಗುವಿನ ಮೂಗು ಸೋರತೊಡಗಿದರೆ ಏನು ಮಾಡುವುದು? ಎರಡನೇ ತಿಂಗಳಿಗೆಲ್ಲ ನಾನು ಬೆಳಿಗ್ಗೆ ಥರ್ಮಾಮೀಟರ್ ಹುಡುಕುವುದನ್ನು ಬಿಟ್ಟು ಬಿಳಿಕೆರೆ ಕಡೆಯಿಂದ ಬರುವ ಎಂಟು ಗಂಟೆ ಬಸ್ಸಿಗೆ ಕಾಯತೊಡಗಿದೆ.

ಬಿಳಿಕೆರೆಯಿಂದ ಒಳಗೆ ಹೋದರೆ ಅವರ ಹಳ್ಳಿ. ಅಲ್ಲಿಂದ ರಸ್ತೆಗೆ ನಡೆದು ಬಂದು, ಬಸ್ಸು ಹಿಡಿದು ಹುಣಸೂರಿಗೆ ಬರುತ್ತಿದ್ದರು. ಕುಳ್ಳಗೆ ದುಂಡಗಿದ್ದರು. ಐವತ್ತು ದಾಟಿತ್ತು, ಎಷ್ಟು ದಾಟಿತ್ತು ಅನ್ನುವುದು ಅವರಿಗೂ ಗೊತ್ತಿರಲಿಲ್ಲ. ಎಡ ಸೊಂಟದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಕೂರಿಸಿಕೊಂಡು ಅವರ ಮೈ ಒಂದು ಕಡೆಗೆ ವಾಲಿಬಿಟ್ಟಿತ್ತು. ಕಂಕುಳಲ್ಲಿ ಏನೂ ಇಲ್ಲದಾಗಲೂ ಮಗು ಎತ್ತಿಕೊಂಡವರ ಹಾಗೇ ನಡೆಯುತ್ತಿದ್ದರು. ನಮ್ಮ ತೇಜಸ್ ಅವರು ಎತ್ತಿದ ಹತ್ತನೇ ಮಗು. ಹಿಂದಿನ ಒಂಬತ್ತು ಮಂದಿಯ ಚರಿತ್ರೆ ಅವರ ನಾಲಗೆ ತುದಿಯಲ್ಲಿತ್ತು. ಯಾರಿಗೆ ಎಷ್ಟನೇ ತಿಂಗಳಿಗೆ ಹಲ್ಲು ಬಂತು, ಯಾರು ಈಗ ಪೊಲೀಸ್ ಆಗಿದ್ದಾರೆ, ಯಾರ ಮದುವೆ ಮುರಿದುಬಿತ್ತು, ಎಲ್ಲ. ಸ್ವಂತಕ್ಕೆ ಒಬ್ಬಳೇ ಮಗಳು, ಕೆ.ಆರ್. ನಗರಕ್ಕೆ ಕೊಟ್ಟಿದ್ದರು. ಆ ಮಗಳ ಬಗ್ಗೆ ಒಂದು ಸಲ ಅವರಾಗಿಯೇ ಹೇಳಿದ್ದರು. "ನನ್ ಮಗೀನ ನಮ್ಮವ್ವ ಸಾಕುದ್ಳು ಅಮ್ಮಾರೆ. ನಾನು ಊರೋರ್ ಮಕ್ಳ ಸಾಕ್ದೆ." ಅಷ್ಟು ಹೇಳಿ ಬಟಾಣಿ ಬಿಡಿಸುವುದನ್ನು ಮುಂದುವರಿಸಿದರು.

ಅವರನ್ನು ಕೆಲಸಕ್ಕೆ ತೆಗೆದುಕೊಂಡ ದಿನದ ಕತೆಯನ್ನು ನಮ್ಮ ಯಜಮಾನರು ಈಗಲೂ ನೆಂಟರ ಮುಂದೆ ಹೇಳಿ ನಗುತ್ತಾರೆ. ನನ್ನ ಹೆರಿಗೆ ರಜೆ ಮುಗಿಯಲು ಹದಿನೈದು ದಿನ ಉಳಿದಿತ್ತು. ಫೋನಿನಲ್ಲಿ ನೋಡಿ, ಮಗು ನೋಡಿಕೊಳ್ಳುವವರನ್ನು ಏನೇನು ಕೇಳಬೇಕು ಅಂತ ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದೆ. ಅವರು ಮೂರು ಪ್ರಶ್ನೆಗೆ ಉತ್ತರ ಕೊಟ್ಟರು. ಆಮೇಲೆ ಕಾಲು ನೀಡಿಕೊಂಡು, "ನಾನೂ ವಸಿ ಕೇಳ್ಬೋದಾ?" ಅಂದರು. ಕೇಳಿ ಅಂದೆ.

"ಗಂಡ ಎಂಡ್ತಿ ಜಗಳ ಏಟು ದಿನಕ್ಕೊಂದ್ಸಲ?"

ನನ್ನ ಮುಖ ಕೆಂಪಾಯಿತು. ಯಜಮಾನರು ಪಿಯುಸಿ ಹುಡುಗರಿಗೆ ಲೆಕ್ಕ ಹೇಳಿಕೊಡುವವರು, ಪ್ರಶ್ನೆ ಕೇಳಿದರೆ ಉತ್ತರ ಹೇಳಲೇಬೇಕು ಅನ್ನುವ ಜಾತಿ. ಸ್ವಲ್ಪ ಯೋಚಿಸಿ "ವಾರಕ್ಕೊಂದು" ಅಂದರು.

"ಕೂಸಿನ್ ಮುಂದೋ, ಮರೇಲೋ?"

"ಮುಂದೇನೇ, ಹೆಚ್ಚಾಗಿ."

"ಅಂಗಾದ್ರೆ ಇನ್ ಮ್ಯಾಲೆ ಮನೆ ಇಂದ್ಗಡೆ ಇತ್ಲಿಗೆ ಓಗಿ ಮಾಡ್ಕಳಿ. ನಾಳೆಯಿಂದ ಬತ್ತೀನಿ." ಹಾಗೆ ಹೇಳಿ ಎದ್ದರು. ನಾನು ಅವರನ್ನು ಒಪ್ಪಿಕೊಳ್ಳುವ ಮೊದಲೇ ಅವರು ನಮ್ಮನ್ನು ಒಪ್ಪಿಕೊಂಡಾಗಿತ್ತು.

ಆರು ತಿಂಗಳ ಕೂಸಿಗೆ ಅವರು ಬಹುವಚನ ಬಳಸುತ್ತಿದ್ದರು. ಮಗುವಿನ ಹೆಸರು ಅವರ ಬಾಯಲ್ಲಿ ಬಂದದ್ದು ನಾನು ಕೇಳಿಲ್ಲ, ಯಾವತ್ತೂ ಸಾವ್ಕಾರ್ರು. ಸಂಜೆ ನಾನು ಕಚೇರಿಯಿಂದ ಬಂದರೆ ಬಾಗಿಲಲ್ಲೇ ವರದಿ. "ಸಾವ್ಕಾರ್ರು ಅನ್ನೊಂದು ಗಂಟೆಗೆ ಸರಿ ಉಂಡ್ರು. ಅದ್ರಲ್ಲಿ ಅರ್ಧ ನನ್ ಮುಖಕ್ಕೆ ಉಗುದ್ರು. ಎರಡು ಕಿತಾ ಕಕ್ಕ ಮಾಡುದ್ರು. ಒಂದ್ಸಲ ಸುಮ್ಸುಮ್ಕೆ ಅತ್ರು, ಯಾಕೆ ಅಂತ ಅವ್ರೂ ಯೋಳ್ನಿಲ್ಲ, ನಾನೂ ಕೇಳ್ನಿಲ್ಲ." ಸರಿ ಅಂದರೆ ಮೊಳಕೆ ಕಟ್ಟಿದ ರಾಗಿಯ ಹಿಟ್ಟಿನದು. ಪೇಟೆಯಲ್ಲಿ ಸಿಗುವ ಜಾಲರಿ ಅವರಿಗೆ ಆಗುತ್ತಿರಲಿಲ್ಲ. ತಮ್ಮದೇ ಹಳೆಯ ನೂಲಿನ ಸೀರೆಯ ತುಂಡನ್ನು ಒಗೆದು ಒಣಗಿಸಿ ತಂದು, ಪಾತ್ರೆಯ ಬಾಯಿಗೆ ಬಿಗಿದು, ಹಿಟ್ಟನ್ನು ಅಂಗೈಯಲ್ಲಿ ತಿಕ್ಕಿ ತಿಕ್ಕಿ ಸೋಸುತ್ತಿದ್ದರು. ಅರ್ಧ ಗಂಟೆ ತಿಕ್ಕಿದರೆ ಒಂದು ಬಟ್ಟಲು ಹಿಟ್ಟು ಇಳಿಯುತ್ತಿತ್ತು. ಮಿಕ್ಸಿಗೆ ಹಾಕಿ ಅಂದರೆ ಕೇಳುತ್ತಿರಲಿಲ್ಲ. "ಮಿಕ್ಸಿಗೇನ್ ಗೊತ್ತು, ಇದು ಯಾರ್ ಒಟ್ಟೆಗೆ ಓಯ್ತದೆ ಅಂತ?" ಅನ್ನುತ್ತಿದ್ದರು.

ನಾನು ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು, ಹೇಳಲು ನಾಚಿಕೆಯಾದರೂ. ಕಚೇರಿಯ ಗೆಳತಿಯರು ತಲೆ ತಿಂದರು ಅಂತ ನಡುಮನೆಯ ಶೋಕೇಸಿನ ಮೇಲೆ, ಗೊಂಬೆಗಳ ನಡುವೆ ಒಂದು ಸಣ್ಣ ಕ್ಯಾಮೆರಾ ಇಟ್ಟೆ. ಫೋನಿನಲ್ಲಿ ಮನೆ ಕಾಣುತ್ತಿತ್ತು, ಮಾತೂ ಕೇಳುತ್ತಿತ್ತು. ತಾಯಮ್ಮನಿಗೆ ಹೇಳಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ಊಟದ ಹೊತ್ತಿಗೆ, ಎಲ್ಲರೂ ಡಬ್ಬಿ ಬಿಚ್ಚಿಕೊಂಡು ಕೂತಿದ್ದಾಗ ಫೋನು ತೆರೆದೆ. ಅವರು ಮಗುವನ್ನು ಎತ್ತಿಕೊಂಡು ಸೀದಾ ಕ್ಯಾಮೆರಾದ ಎದುರಿಗೆ ಬಂದು ನಿಂತರು. "ಅಮ್ಮಾರೆ, ಸಾವ್ಕಾರ್ರು ಉಂಡ್ರು. ನೀವ್ ಉಂಡ್ರಾ?" ಅಂದರು. ಆಮೇಲೆ ಮಗುವಿನ ಕೈ ಹಿಡಿದು ಆಡಿಸಿ, "ಅವ್ವಂಗೆ ಟಾಟಾ ಮಾಡಿ" ಅಂದರು. ಸುತ್ತ ಕೂತವರೆಲ್ಲ ನಕ್ಕರು. ನಾನು ಡಬ್ಬಿ ಮುಚ್ಚಿಟ್ಟೆ. ಸಂಜೆ ಬಂದವಳೇ ಕ್ಯಾಮೆರಾ ಕಿತ್ತು ಬೀರುವಿನಲ್ಲಿ ಹಾಕಿದೆ. ಕ್ಷಮಿಸಿ ಅನ್ನಬೇಕು ಅಂತ ಬಾಯಿ ತೆರೆಯುವಷ್ಟರಲ್ಲಿ ಅವರೇ ಕೇಳಿದರು. "ಯಾಕ್ ತಗುದ್ರಿ? ಮದ್ಯಾನದ ಒತ್ತು ಮಾತಾಡಾಕೆ ಒಬ್ರು ಇದ್ರು." ವ್ಯಂಗ್ಯವೋ ನಿಜವೋ ನನಗೆ ಇವತ್ತಿಗೂ ತಿಳಿದಿಲ್ಲ. ಕ್ಷಮಿಸಿ ಅನ್ನುವ ಮಾತು ಹಾಗೇ ಉಳಿದುಹೋಯಿತು.

ಇನ್ನೊಂದು ಸಲ, ತೇಜಸ್‌ಗೆ ಎರಡು ವರ್ಷ ತುಂಬಿದ ಮೇಲೆ, ಜ್ವರ ಬಂತು. ನಾನು ರಜೆ ಹಾಕಿ ಮನೆಯಲ್ಲಿದ್ದೆ. ಆದರೆ ಮಗುವಿಗೆ ನಾನು ಬೇಡ. ಎತ್ತಿಕೊಂಡರೆ ಕೊಸರಿಕೊಂಡು "ತಾಯಿ, ತಾಯಿ" ಅಂತ ಅವರ ಕಡೆಗೇ ಕೈ ಚಾಚುತ್ತಿದ್ದ. ಹೆತ್ತವಳು ನಾನು, ಕಣ್ಣೆದುರಿಗೆ ನಿಂತಿದ್ದೇನೆ, ನನ್ನ ಮಗ ಇನ್ನೊಬ್ಬರನ್ನು ತಾಯಿ ಅಂತ ಕರೆದು ಅಳುತ್ತಿದ್ದಾನೆ. ಹೊಟ್ಟೆ ಉರಿಯಿತು. ಇದನ್ನು ಚೆನ್ನಾಗಿ ಬರೆಯಲು ಬರುವುದಿಲ್ಲ, ಹೊಟ್ಟೆ ಉರಿಯಿತು ಅಷ್ಟೇ. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕಿದೆ. ತಾಯಮ್ಮ ಅದನ್ನು ಕೇಳಿಸಿಕೊಂಡಿರಬೇಕು. ಸ್ವಲ್ಪ ಹೊತ್ತಿಗೆ ಜೋರಾಗಿ ಎರಡು ಸೀನು ಸೀನಿದರು. ಅಂಥ ಸುಳ್ಳು ಸೀನನ್ನು ನಾನು ಯಾವ ನಾಟಕದಲ್ಲೂ ಕೇಳಿಲ್ಲ. "ನಂಗೂ ಸೀತ ಇಡ್ದೈತೆ ಅಮ್ಮಾರೆ, ನಾನ್ ಎತ್ತಾಕಿಲ್ಲ. ನೀವೇ ಎತ್ಕಳಿ" ಅಂದು ಮಗುವನ್ನು ನನ್ನ ಮಡಿಲಿಗೆ ಹಾಕಿ ಹೊರಗೆ ಹೋದರು. ದಿನವೆಲ್ಲ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸಿದರು. ಮಗು ಅರ್ಧ ಗಂಟೆ ಅತ್ತು, ಸೋತು, ನನ್ನ ಎದೆಗೆ ಅಂಟಿಕೊಂಡು ಮಲಗಿದ. ಎರಡು ಸಲ ಕಿಟಕಿಯಿಂದ ಇಣುಕಿದೆ. ಅವರು ಬೆನ್ನು ತಿರುಗಿಸಿ ಕೂತಿದ್ದರು, ಒಳಗೆ ಮಗು ಅತ್ತಾಗ ಕೈ ನಿಲ್ಲುತ್ತಿತ್ತು, ಸುಮ್ಮನಾದಾಗ ಮತ್ತೆ ಸಿಪ್ಪೆ ಬಿಡಿಸುತ್ತಿದ್ದರು.

ವರ್ಷಗಳು ಹೋಗುವುದು ಎಲ್ಲಿ ತಿಳಿಯುತ್ತದೆ. ತೇಜಸ್ ಅಂಗನವಾಡಿ ವಯಸ್ಸು ದಾಟಿ, ಎಲ್‌ಕೆಜಿ ಯುಕೆಜಿ ಮುಗಿಸಿ ಒಂದನೇ ತರಗತಿಗೆ ಹೋದ. ಬೆಳಿಗ್ಗೆ ಎಂಟೂವರೆಗೆ ಶಾಲೆಯ ವ್ಯಾನು ಬಂದರೆ ಮರಳಿ ಬರುವುದು ನಾಲ್ಕಕ್ಕೆ. ತಾಯಮ್ಮ ಬರುತ್ತಿದ್ದದ್ದು ಎಂಟಕ್ಕೆ. ಅರ್ಧ ಗಂಟೆ ಶೂ ಹಾಕಿಸುವುದು, ಆಮೇಲೆ ನಾಲ್ಕು ಗಂಟೆಯವರೆಗೆ ಕೆಲಸವಿಲ್ಲ. ಸುಮ್ಮನೆ ಕೂರುವ ಜೀವವಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದರು, ಕಿಟಕಿಯ ಸರಳುಗಳನ್ನು ಒಂದೊಂದಾಗಿ ಒರೆಸಿದರು, ಯಜಮಾನರ ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸಿ ಅವರಿಂದ ಬೈಸಿಕೊಂಡರು. ಒಂದು ದಿನ ಬಿಸಿ ಊಟ ತೆಗೆದುಕೊಂಡು ಶಾಲೆಗೇ ನಡೆದು ಹೋದರಂತೆ. ಗೇಟಿನ ಹತ್ತಿರ ನಿಂತು "ಸಾವ್ಕಾರ್ರೇ" ಅಂತ ಕರೆದಿದ್ದಾರೆ. ಜೊತೆಯ ಮಕ್ಕಳು ನಕ್ಕಿವೆ. ಇವನು ಕಂಬದ ಹಿಂದೆ ನಿಂತವನು ಈಚೆಗೆ ಬರಲೇ ಇಲ್ಲ. ಊಟದ ಡಬ್ಬಿಯನ್ನು ಕಾವಲುಗಾರನ ಕೈಗೆ ಕೊಟ್ಟು ವಾಪಸು ಬಂದರು. ಇದನ್ನು ನನಗೆ ಹೇಳಿದವನು ತೇಜಸ್, ಅವರಲ್ಲ. "ತಾಯಮ್ಮ ಸ್ಕೂಲ್ ಹತ್ರ ಬರೋದು ಬೇಡ ಅಂತ ಹೇಳಮ್ಮ" ಅಂದ.

ಇನ್ನು ಅವರನ್ನು ಕಳಿಸಿಕೊಡಬೇಕು ಅಂತ ನಮಗಿಬ್ಬರಿಗೂ ಗೊತ್ತಾಯಿತು. ಹೇಳುವವರು ಯಾರು? "ನೀನೇ ಹೇಳು, ನಿನ್ನ ಜೊತೆ ಚೆನ್ನಾಗಿದ್ದಾರೆ" ಅಂತ ಯಜಮಾನರು. "ನೀವೇ ಹೇಳಿ, ನೀವು ಹೇಳಿದರೆ ಅಳುವುದಿಲ್ಲ" ಅಂತ ನಾನು. ವಾರಕ್ಕೊಂದು ಇದ್ದ ಜಗಳ ದಿನಕ್ಕೆ ಒಂದಾಯಿತು. ಮೂರು ವಾರ ಹೀಗೆ ದೂಡಿ, ಕೊನೆಗೆ ಒಂದು ಶನಿವಾರ ಮಧ್ಯಾಹ್ನ, ಅವರು ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಾ ಕೂತಿದ್ದಾಗ ನಾನೇ ಎದುರಿಗೆ ಕೂತೆ.

"ತಾಯಮ್ಮ, ಅವನು ದಿನವೆಲ್ಲ ಶಾಲೇಲಿ ಇರ್ತಾನಲ್ಲ ಈಗ..." ಅಂದೆ.

ಅವರು ಎಲೆ ಮಡಚಿ ಬಾಯಿಗಿಟ್ಟುಕೊಂಡರು. "ಗೊತ್ತಿತ್ತು ಬುಡಿ ಅಮ್ಮಾರೆ. ಕೂಸು ಕೂಸಾಗೇ ಇರ್ತದಾ? ನೀವ್ ಯಾವಾಗ ಬಾಯ್ ಬುಡ್ತೀರೋ ಅಂತ ನಾನೂ ನೋಡ್ತಿದ್ದೆ. ಯಾವತ್ತಿನ ಗಂಟ ಬರ್ಲಿ, ಯೋಳಿ."

ಮುಂದಿನ ತಿಂಗಳ ಕೊನೆಯವರೆಗೆ ಬನ್ನಿ, ಆಮೇಲೂ ಎರಡು ತಿಂಗಳ ಸಂಬಳ ಕೊಡುತ್ತೇವೆ, ಅಷ್ಟರಲ್ಲಿ ನಾವೂ ಬೇರೆ ಮನೆ ಹುಡುಕುತ್ತೇವೆ ಅಂದೆ. ತಲೆಯಾಡಿಸಿದರು. ಅಳಲಿಲ್ಲ, ಮುಖ ಸಣ್ಣದು ಮಾಡಲಿಲ್ಲ. ಇಷ್ಟು ಸುಲಭವಾಗಿ ಮುಗಿಯಿತಲ್ಲ ಅಂತ ನನಗೆ ಎಷ್ಟು ಹಗುರವಾಯಿತೆಂದರೆ, ಇನ್ನೂ ಏನಾದರೂ ಒಳ್ಳೆಯದು ಮಾಡಬೇಕು ಅನ್ನಿಸಿತು. ಕೆಟ್ಟದ್ದು ಅಲ್ಲೇ.

ಒಂದು ಪ್ರಮಾಣಪತ್ರ ಕೊಟ್ಟರೆ ಮುಂದಿನ ಮನೆಗೆ ತೋರಿಸಬಹುದು ಅಂತ ಯೋಚನೆ ಬಂತು. ಕಚೇರಿಯ ಕಂಪ್ಯೂಟರಿನಲ್ಲಿ ಚೆಂದವಾಗಿ ಟೈಪು ಮಾಡಿದೆ. ನಿಷ್ಠೆ, ಪ್ರಾಮಾಣಿಕತೆ, ಸೌಜನ್ಯ, ಎಲ್ಲ ಹಾಕಿದೆ. ಕೊನೆಯ ಸಾಲು, ನಾನು ಇಪ್ಪತ್ತು ವರ್ಷದಿಂದ ಕಾಗದಗಳಲ್ಲಿ ನೋಡಿಕೊಂಡು ಬಂದ ಸಾಲು: "ಸದರಿಯವರು ತಮ್ಮ ಸ್ವಂತ ಇಚ್ಛೆಯಿಂದ ಕೆಲಸವನ್ನು ಬಿಟ್ಟಿರುತ್ತಾರೆ." ನಮ್ಮಲ್ಲಿ ಯಾರನ್ನಾದರೂ ಮರ್ಯಾದೆಯಿಂದ ಕಳಿಸಬೇಕಾದರೆ ಹೀಗೇ ಬರೆಯುವುದು. ಬಿಡಿಸಿದರು ಅಂತ ಬರೆದರೆ ಏನೋ ತಪ್ಪು ಮಾಡಿರಬೇಕು ಅಂತ ಓದಿದವರು ತಿಳಿಯುತ್ತಾರೆ. ಇದಕ್ಕಿಂತ ಗೌರವದ ಮಾತು ನನಗೆ ಗೊತ್ತೇ ಇರಲಿಲ್ಲ. ಶನಿವಾರ ಸಂಜೆ ಲಕೋಟೆಯಲ್ಲಿ ಹಾಕಿ ಕೊಟ್ಟೆ. ಅವರು ಓದು ಬರಹ ಕಲಿತವರಲ್ಲ. ಕಣ್ಣಿಗೊತ್ತಿಕೊಂಡು ಚೀಲದಲ್ಲಿಟ್ಟುಕೊಂಡರು.

ಸೋಮವಾರ ಎಂಟು ಗಂಟೆಗೆ ಬಂದರು, ಆದರೆ ಚಪ್ಪಲಿ ಬಿಡಲಿಲ್ಲ. ಗೇಟಿನ ಒಳಗೆ ನಿಂತುಕೊಂಡೇ ಲಕೋಟೆ ಚಾಚಿದರು. ಮುಖ ಕಪ್ಪಿಟ್ಟಿತ್ತು.

"ಇದ್ರಲ್ಲಿ ಏನ್ ಬರ್ದಿದ್ದೀರಿ?"

ಒಳ್ಳೆಯದನ್ನೇ ಬರೆದಿದ್ದೇನೆ ಅಂದೆ.

"ಬಸ್ಸಲ್ಲಿ ಕಾಲೇಜ್ ಉಡುಗಿ ಓದುದ್ಲು. ನಾನಾಗ್ ನಾನೇ ಬುಟ್ಟೋದೆ ಅಂತ ಐತಂತೆ. ನಾನ್ ಯಾವಾಗ್ ಬುಟ್ಟೆ ಅಮ್ಮಾರೆ? ನೀವಲ್ವಾ ಕಳಿಸ್ತಿರೋದು?"

"ನಿಮ್ಮ ಒಳ್ಳೇದಕ್ಕೇ ಹಾಗೆ ಬರೆದೆ ತಾಯಮ್ಮ. ನಾವು ಬಿಡಿಸಿದ್ವಿ ಅಂತ ಬರೆದ್ರೆ ಜನ ತಪ್ಪು ತಿಳ್ಕೊಳ್ತಾರೆ."

"ಯಾರು? ಕಚೇರಿ ಜನ ತಿಳ್ಕತಾರೆ. ನಮ್ ಕ್ಯಾಮೇಲಿ ಅಂಗಿಲ್ಲ." ದನಿ ಏರಿಸಲಿಲ್ಲ. "ಕೂಸು ಎತ್ತೋರು ತಾವಾಗೇ ಬುಡಂಗಿಲ್ಲ ಕಣಮ್ಮಾರೆ. ಮನೆಯೋರು ಕಳಿಸ್ಬೇಕು. ನಮ್ಮೂರಲ್ಲಿ ಒಬ್ಳು ಇದ್ಲು, ನನ್ ಜೊತೆಯೋಳೇ, ಮೈಸೂರಿನ ಒಂದು ಮನೇಲಿ ಕೂಸು ನೋಡ್ಕತಿದ್ಲು. ಬ್ಯಾರೆ ಮನೆಯೋರು ವಸಿ ಜಾಸ್ತಿ ಕೊಡ್ತೀವಿ ಅಂದ್ರು ಅಂತ ನಡುವ್ಲೇ ಬುಟ್ಟೋದ್ಲು. ಆ ಕೂಸು ಅನ್ನ ನೀರು ಬುಟ್ಟು ಆಸ್ಪತ್ರೆ ಸೇರ್ತು. ಆಮ್ಯಾಕೆ ಅವ್ಳನ್ನ ಯಾರೂ ಕರೀನಿಲ್ಲ. ಊರಲ್ಲಿ ಅವ್ಳ ಎಸ್ರೇ ಓಯ್ತು, ಕೂಸು ಬುಟ್ಟೋದೋಳು ಅಂತ್ಲೇ ಕರೀತಾರೆ ಈಗ್ಲೂ. ನಾನು ಒಂಬತ್ತು ಮಕ್ಳ ಎತ್ತಿವ್ನಿ. ಒಂದ್ನೂ ಬುಟ್ಟಿಲ್ಲ. ಎಲ್ಲಾರ್ ಮನೇಲೂ ಅವ್ರೇ ಕಳ್ಸಿರೋದು. ಅತ್ತನೇದ್ರಲ್ಲಿ ನೀವು ನನ್ನ ಕೂಸು ಬುಟ್ಟೋದೋಳು ಅಂತ ಮಾಡ್ಬುಟ್ರಲ್ಲ. ಇದ್ನ ತಕಂಡೋಗಿ ನಾನ್ ಯಾವ್ ತಾಯಿ ಮುಂದೆ ಇಡ್ಲಿ?"

ನಾನು ಗೇಟಿನ ಹತ್ತಿರವೇ ನಿಂತಿದ್ದೆ. ನಾಲ್ಕು ವಾಕ್ಯದಲ್ಲಿ ಅವರ ಮೂವತ್ತು ವರ್ಷದ ಹೆಸರನ್ನು ತೊಳೆದುಹಾಕಿದ್ದೆ, ಅದೂ ಅಕ್ಷರ ಒತ್ತಿ ಒತ್ತಿ, ಎರಡು ಸಲ ತಿದ್ದಿ. ಲಕೋಟೆ ಇಸಕೊಂಡು ಅವರ ಎದುರಿಗೇ ಹರಿದೆ. ಹರಿದದ್ದನ್ನು ನೋಡಿದ ಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದರು. "ಕಾಗ್ದ ಬ್ಯಾಡ ಅನ್ನಾಕಿಲ್ಲ. ಈಗೆಲ್ಲಾ ಕೇಳ್ತಾರೆ. ನಾನ್ ಯೋಳ್ತೀನಿ, ಅಂಗೇ ಬರೀರಿ" ಅಂದರು.

ಆ ದಿನ ಕಚೇರಿಗೆ ತಡವಾಗಿ ಹೋದೆ. ತೇಜಸ್‌ನನ್ನು ವ್ಯಾನು ಹತ್ತಿಸಿ ಬಂದು, ಊಟದ ಮೇಜಿನ ಹತ್ತಿರ ಬಿಳಿ ಹಾಳೆ ಇಟ್ಟುಕೊಂಡು ಕೂತೆ. ಅವರು ಎದುರಿಗೆ ನೆಲದ ಮೇಲೆ ಕೂತರು. ಕುರ್ಚಿಯ ಮೇಲೆ ಕೂರಿ ಅಂದರೆ ಕೂರಲಿಲ್ಲ, ನಾನೇ ಕೆಳಗೆ ಇಳಿದೆ. ಅವರು ಹೇಳಿದರು, ನಾನು ಬರೆದೆ. ಎರಡು ಸಾಲು ಹೊಗಳಿಕೆ ಸೇರಿಸಲು ಹೋದೆ, ಬಿಡಲಿಲ್ಲ.

"ನನ್ ತಪ್ಪೂ ಬರೀರಿ. ಬರೀ ಒಳ್ಳೇದೇ ಇದ್ರೆ ಯಾರ್ ನಂಬ್ತಾರೆ? ದುಡ್ಡು ಕೊಟ್ಟು ಬರೆಸ್ಕಂಡವ್ಳೆ ಅಂತಾರೆ."

"ನಿಮ್ಮ ತಪ್ಪು ಏನಿದೆ?"

"ಮದ್ಯಾನ ಮನಿಕತೀನಿ. ಎಲೆ ಅಡ್ಕೆ ಆಕತೀನಿ. ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು, ಬರೆದೆ. ಆ ಕಾಗದ ಹೀಗಿತ್ತು: "ಚಿಕ್ಕತಾಯಮ್ಮ ನಮ್ಮ ಮಗನನ್ನು ಐದೂವರೆ ವರ್ಷ ನೋಡಿಕೊಂಡರು. ಅವನು ಈಗ ದೊಡ್ಡವನಾಗಿ ಶಾಲೆಗೆ ಹೋಗುತ್ತಾನೆ. ಅದಕ್ಕೆ ನಾವೇ ಅವರನ್ನು ಕಳಿಸಿದ್ದೇವೆ. ಅವರಾಗಿ ಬಿಡಲಿಲ್ಲ. ಮಗುವಿಗೆ ಹೊಡೆಯುವುದಿಲ್ಲ. ಮಧ್ಯಾಹ್ನ ಮಗು ಮಲಗಿದಾಗ ತಾವೂ ಮಲಗುತ್ತಾರೆ. ಎಲೆ ಅಡಿಕೆ ಹಾಕುತ್ತಾರೆ. ತಿಂಗಳಿಗೊಂದು ಸಲ ಮಗಳ ಮನೆಗೆ ಕೆ.ಆರ್. ನಗರಕ್ಕೆ ಹೋಗುತ್ತಾರೆ, ಆ ದಿನ ಬರುವುದಿಲ್ಲ. ಹೆಚ್ಚು ತಿಳಿಯಬೇಕಾದವರು ಫೋನು ಮಾಡಿ ಕೇಳಬಹುದು." ಕೊನೆಯ ಸಾಲೂ ಅವರದೇ. ನಾವೇ ಕಳಿಸಿದ್ದೇವೆ ಅನ್ನುವುದನ್ನು ಓದಿ ಯಾರಾದರೂ ಅನುಮಾನಪಟ್ಟರೆ ಏನು ಮಾಡುತ್ತೀರಿ ಅಂತ ನಾನು ಮತ್ತೊಮ್ಮೆ ಕೇಳಿದ್ದೆ. "ಅನುಮಾನ ಬಂದೋರು ನಿಮ್ಗೆ ಪೋನ್ ಮಾಡ್ಲಿ. ಬಾಯಲ್ಲಿ ಯೋಳಿ. ಅದೊಂದು ಕೆಲ್ಸ ಮಾಡಿ ನಂಗೆ" ಅಂದಿದ್ದರು.

ಕೊನೆಯ ದಿನದ ವಿಷಯದಲ್ಲೂ ನನ್ನ ಬುದ್ಧಿ ಅಡ್ಡದಾರಿಗೇ ಹೋಯಿತು. ತೇಜಸ್ ಶಾಲೆಯಲ್ಲಿರುವಾಗ ಅವರು ಹೊರಟುಬಿಟ್ಟರೆ ಅಳು ಕರೆ ಇರುವುದಿಲ್ಲ, ಆಮೇಲೆ ನಿಧಾನವಾಗಿ ಹೇಳಿದರಾಯಿತು ಅಂದುಕೊಂಡಿದ್ದೆ. ತಾಯಮ್ಮ ಸುತರಾಂ ಒಪ್ಪಲಿಲ್ಲ. "ಕದ್ದು ಓಗಾಕೆ ನಾನೇನ್ ಕಳ್ಳೀನಾ? ಅವ್ರ್ ಕೈಲಿ ಯೋಳಿಸ್ಕಂಡೇ ಓಗೋದು" ಅಂದರು. ಹಾಗಾಗಿ ಭಾನುವಾರ ಬಂದರು. ಕೋಸಂಬರಿ, ಪಾಯಸ ಮಾಡಿದ್ದೆ. ಒಟ್ಟಿಗೆ ಕೂತು ಉಂಡೆವು. ಅರಿಶಿನ ಕುಂಕುಮ ಕೊಟ್ಟು, ಎಲೆ ಅಡಿಕೆಯ ಜೊತೆ ಸೀರೆ ಇಟ್ಟು, ಅವರು ಬೇಡ ಬೇಡ ಅಂದರೂ ಕಾಲಿಗೆ ಬಿದ್ದೆ. ಯಜಮಾನರೂ ಬಗ್ಗಿದರು. ಲೆಕ್ಕದ ಮೇಷ್ಟ್ರಿಗೆ ಬಗ್ಗಿ ಅಭ್ಯಾಸವಿಲ್ಲ, ಕನ್ನಡಕ ಕೆಳಗೆ ಬಿತ್ತು, ಎಲ್ಲರೂ ನಕ್ಕೆವು.

ಆಮೇಲೆ ತೇಜಸ್‌ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಹೊರಗೆ ಅವನ ಗೆಳೆಯರು ಸೈಕಲ್ ಹಿಡಿದು ಕಾಯುತ್ತಿದ್ದರು.

"ಸಾವ್ಕಾರ್ರೆ, ನಾಳೆಯಿಂದ ನಾನ್ ಬರಾಕಿಲ್ಲ. ನೀವು ದೊಡ್ಡೋರಾದ್ರಿ. ಶೂ ನೀವೇ ಆಕತೀರಿ. ಇನ್ನೊಂದ್ ಪುಟ್ಟ ಕೂಸು ಎಲ್ಲೋ ಐತೆ, ಅದ್ಕೆ ಶೂ ಆಕಾಕೆ ಬರಾಕಿಲ್ಲ. ನಾನ್ ಅಲ್ಲಿಗೆ ಓಗ್ಲಾ?"

ಅವನು ಸ್ವಲ್ಪ ಯೋಚಿಸಿದ. "ಅದಕ್ಕೆ ಹಲ್ಲು ಬಂದಿದ್ಯಾ?" ಅಂದ.

"ಇನ್ನೂ ಇಲ್ಲ."

"ಸರಿ, ಹೋಗು" ಅಂದವನೇ ಎದ್ದು ಸೈಕಲ್ಲಿನ ಕಡೆಗೆ ಓಡಿದ.

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಐದೂವರೆ ವರ್ಷಕ್ಕೆ ಇಷ್ಟೇನಾ ಅಂತ ಅವನನ್ನು ಕೂಗಿ ಕರೆಯಲು ಹೋದೆ. ತಾಯಮ್ಮ ನನ್ನ ಕೈ ಹಿಡಿದರು. ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು. "ಬುಡಿ ಅಮ್ಮಾರೆ. ಓಗು ಅಂದ್ರಲ್ಲ, ಇನ್ನೇನ್ ಬೇಕು? ಕಾಲ್ ಇಡ್ಕಂಡು ಅತ್ತಿದ್ರೆ ನಾನ್ ಎಂಗ್ ಓಗೋದು? ನಾನ್ ಸಾಕಿರೋದು ಸರಿಯಾಗೈತೆ." ಅಳುತ್ತಿದ್ದವಳು ನಾನೊಬ್ಬಳೇ. ಯಜಮಾನರು ಸ್ಕೂಟರಿನಲ್ಲಿ ಅವರನ್ನು ಬಸ್ ನಿಲ್ದಾಣಕ್ಕೆ ಬಿಟ್ಟು ಬಂದರು.

ತೇಜಸ್ ಅತ್ತದ್ದು ಮೂರು ದಿನ ಬಿಟ್ಟು, ಬೇರೆ ಯಾವುದೋ ನೆಪಕ್ಕೆ, ಪೆನ್ಸಿಲ್ ಕಳೆದದ್ದಕ್ಕೆ. ಒಂದು ಪೆನ್ಸಿಲ್ಲಿಗೆ ಅಷ್ಟು ಹೊತ್ತು ಅಳುತ್ತಾರಾ ಅಂತ ನಾನು ಕೇಳಲಿಲ್ಲ, ಎತ್ತಿಕೊಂಡು ಕೂತೆ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಕಚೇರಿಯಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಎಚ್.ಡಿ. ಕೋಟೆ ಹತ್ತಿರ ಹ್ಯಾಂಡ್‌ಪೋಸ್ಟ್ ಅನ್ನುವ ಊರಿನಿಂದ ಒಬ್ಬ ಹೆಂಗಸು ಮಾತಾಡುತ್ತಿದ್ದರು. ಅವರು ನರ್ಸು, ಐದು ತಿಂಗಳ ಹೆಣ್ಣುಮಗು, ಕೆಲಸಕ್ಕೆ ಮರಳಬೇಕು. ಚಿಕ್ಕತಾಯಮ್ಮ ಅಂತ ಒಬ್ಬರು ಬಂದಿದ್ದಾರೆ, ಮನೆಯಲ್ಲೇ ಇದ್ದುಕೊಂಡು ನೋಡಿಕೊಳ್ಳುತ್ತಾರಂತೆ, ನಿಮ್ಮ ಕಾಗದ ತೋರಿಸಿದರು ಅಂದರು. ಆಮೇಲೆ ಕೇಳಿದರು. "ತಪ್ಪು ತಿಳ್ಕೋಬೇಡಿ ಮೇಡಂ. ನಾವೇ ಕಳಿಸಿದ್ದೇವೆ ಅಂತ ಬರೆದಿದ್ದೀರಲ್ಲ, ಯಾರೂ ಹಾಗೆ ಬರೆಯಲ್ಲ. ಏನಾದ್ರೂ ಆಗಿತ್ತಾ? ಮಗು ವಿಷಯ ನೋಡಿ, ಅದಕ್ಕೆ ಕೇಳ್ದೆ."

ಎದ್ದು ವರಾಂಡಕ್ಕೆ ಬಂದೆ. ನಾನು ಸರಿಯಾಗಿ ಹೇಳದಿದ್ದರೆ ಆ ಹೆಂಗಸು ಬೇಡ ಅಂದುಬಿಡುತ್ತಾರೆ, ತಾಯಮ್ಮ ಚೀಲ ತೆಗೆದುಕೊಂಡು ಮತ್ತೆ ಬಸ್ಸು ಹತ್ತಬೇಕು. ಅವರು ನನ್ನಿಂದ ಕೇಳಿದ್ದು ಇದೊಂದೇ ಕೆಲಸ.

"ಆಗಿದ್ದು ಇಷ್ಟೇ" ಅಂದೆ. "ನನ್ನ ಮಗ ದೊಡ್ಡವನಾದ. ಅವರಿಗೆ ನಮ್ಮ ಮನೇಲಿ ಕೆಲಸ ಉಳೀಲಿಲ್ಲ. ಅವರಾಗಿ ಬಿಡೋರಲ್ಲ, ಅದಕ್ಕೆ ನಾವು ಕಳಿಸಬೇಕಾಯ್ತು. ಕಳಿಸೋಕೆ ನನಗೆ ಮೂರು ವಾರ ಧೈರ್ಯ ಬರಲಿಲ್ಲ." ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲು ಆಗಲಿಲ್ಲ. "ನೋಡಿ, ನನಗೆ ಮಗು ಎತ್ತಿಕೊಳ್ಳೋಕೂ ಬರ್ತಿರಲಿಲ್ಲ. ನಮ್ಮಮ್ಮ ಬೇಗ ಹೋದರು. ಅವನು ಅತ್ತರೆ ನನಗೆ ಸಿಟ್ಟು ಬರ್ತಿತ್ತು, ಅವನ ಮೇಲೆ ಅಲ್ಲ, ನನ್ನ ಮೇಲೆ. ಅವರು ಒಂದು ದಿನವೂ ನಿಮಗೆ ಬರಲ್ಲ ಅನ್ನಲಿಲ್ಲ. ಅವರು ಹೆಂಗೆ ಎತ್ಕೊಳ್ತಾರೆ, ಹೆಂಗೆ ಸುಮ್ಮನಿರ್ತಾರೆ ಅಂತ ಬಾಗಿಲಲ್ಲಿ ನಿಂತು ನೋಡಿ ನೋಡಿ ಕಲಿತೆ. ನಾನು ತಾಯಿ ಆಗಿದ್ದು ಅವರಿಂದ. ನನ್ನ ಮಗ ಚೆನ್ನಾಗಿದ್ದಾನೆ ಅಂದ್ರೆ ಅರ್ಧ ಅವರದು. ನೀವು ಅವರನ್ನ ಬಿಟ್ರೆ ನಿಮಗೆ ನಷ್ಟ."

ಫೋನು ಕಟ್ಟಾಯಿತೇನೋ ಅಂತ ಕಿವಿಯಿಂದ ತೆಗೆದು ನೋಡಿದೆ. ಆಗ "ಅಮ್ಮಾರೆ" ಅಂತ ಕೇಳಿಸಿತು. ಆ ನರ್ಸಮ್ಮ ಸ್ಪೀಕರ್ ಹಾಕಿ, ತಾಯಮ್ಮನನ್ನು ಎದುರಿಗೇ ಕೂರಿಸಿಕೊಂಡು ಮಾತಾಡುತ್ತಿದ್ದರಂತೆ.

"ಇಟೊಂದು ಇತ್ತಾ ನಿಮ್ ಮನ್ಸಲ್ಲಿ?" ಅಂದರು ತಾಯಮ್ಮ. "ಐದೂವರೆ ವರ್ಸ ಒಂದಿನಾನೂ ಯೋಳ್ನಿಲ್ವಲ್ಲ ನಂಗೆ."

ಹೌದು ತಾಯಮ್ಮ, ಹೇಳಲಿಲ್ಲ ಅಂದೆ. ಹಿಂದಿನಿಂದ ಮಗುವೊಂದು ಅಳುವ ಸದ್ದು ಬಂತು, ಬಳೆಗಳ ಸದ್ದು ಬಂತು, ಅಳು ನಿಂತಿತು.

"ಕೂಸು ಅಳ್ತಿತ್ತು, ಕಡೇದು ಸರಿಯಾಗಿ ಕೇಳಿಸ್ನಿಲ್ಲ" ಅಂದರು. "ಇನ್ನೊಂದ್ಸಲ ಯೋಳಿ."

ಮಗು ಅತ್ತದ್ದು ನಾನು ಮಾತು ಮುಗಿಸಿದ ಮೇಲೆ. ನಾನು ವರಾಂಡದ ಗೋಡೆಗೆ ಒರಗಿಕೊಂಡು ಮತ್ತೆ ಮೊದಲಿನಿಂದ ಹೇಳತೊಡಗಿದೆ, ಈ ಸಲ ಅವರಿಗೇ.